ಶಾಯಿಯಲ್ಲಿ ಬರೆದ ತಾರೀಖು

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಸಾಯುವುದೆಂದು ಟ್ರೈಂಟ್ಯೆ ತಾನೇ ದಿನ ಗೊತ್ತುಮಾಡಿದ್ದಳು. ಮೂಳೆಗೆ ಹಬ್ಬಿದ ಕ್ಯಾನ್ಸರು. ಡಾಕ್ಟರ ಕೈಯಿಂದ ಸೂಜಿ ಚುಚ್ಚಿಸಿಕೊಂಡು ಸಾಯಲು ಅಲ್ಲಿನ ಕಾನೂನು ಕೇಳುವ ಕಾಗದಗಳಿಗೆಲ್ಲ ಸಹಿ ಬಿದ್ದಿತ್ತು. ಮನೆ ಡಾಕ್ಟರು ಆಲ್ಬರ್ಡಾ ಒಪ್ಪಿದ್ದರು, ನಿಯಮದಂತೆ ಹೊರಗಿನ ಇನ್ನೊಬ್ಬ ಡಾಕ್ಟರೂ ಬಂದು ನೋಡಿ ಒಪ್ಪಿಗೆ ಕೊಟ್ಟಿದ್ದ. ಎಡವಟ್ಟಾದದ್ದು ಅವನಿಂದಲೇ. ಅಲ್ಲಿಯವರೆಗಾದರೂ ನರಳದಿರಲೆಂದು ನೋವಿನ ಮಾತ್ರೆ ಬದಲಿಸಲು ಹೇಳಿಹೋದ. ಮೂರೇ ದಿನಕ್ಕೆ ಮುದುಕಿಗೆ ನಿದ್ದೆ ಹತ್ತಿತು, ಹಸಿವಾಯಿತು. ಮಂಗಳವಾರ ಬೆಳಿಗ್ಗೆ ಇನ್ನಷ್ಟು ದಿನ ಬದುಕಬೇಕು ಅನ್ನಿಸಿಬಿಟ್ಟಿತು. ಎಂಥ ನಾಚಿಕೆಗೇಡು! ಭಾನುವಾರವಷ್ಟೇ ಇಡೀ ಬೀದಿ ಬೀಳ್ಕೊಡಲು ಬಂದು, ಅತ್ತು, ಕೇಕು ತಿಂದು, ನಿನ್ನ ಧೈರ್ಯ ಯಾರಿಗೂ ಬರೋದಿಲ್ಲ ಎಂದು ಕೈಕುಲುಕಿ ಹೋಗಿತ್ತು.

ಮೊದಲು ತಂಗಿಗೆ ಹೇಳೋಣವೆಂದು ಊರಿಕೊಂಡು ನಡೆಯುವ ಚಕ್ರದ ಗಾಡಿ ತಳ್ಳಿಕೊಂಡು ಪಕ್ಕದ ಬೀದಿಯ ಯಿಕ್ಕೆಯ ಮನೆಗೆ ಹೋದಳು. ಹೇಳುವ ಮುಂಚೆ ಪಾಯಿಖಾನೆಗೆ ಹೊಕ್ಕಳು. ಆ ಊರಿನ ಎಲ್ಲರ ಮನೆಯಂತೆ ಅಲ್ಲಿಯೂ ಗೋಡೆಗೆ ನೆಂಟರ ಹುಟ್ಟುಹಬ್ಬಗಳ ಕ್ಯಾಲೆಂಡರು. ಸತ್ತವರ ಹೆಸರಿನ ಮುಂದೆ ಪುಟ್ಟ ಶಿಲುಬೆ, ಸತ್ತ ತಾರೀಖು. ಟ್ರೈಂಟ್ಯೆಯ ಹೆಸರಿನ ಮುಂದೆಯೂ ಶಿಲುಬೆ ಇತ್ತು. ನಾಡಿದ್ದಿನ ತಾರೀಖು, ಅದೂ ಶಾಯಿಯಲ್ಲಿ.

"ನಾನಿನ್ನೂ ಸತ್ತಿಲ್ಲ ಕಣೇ," ಎಂದಳು ಹೊರಗೆ ಬಂದು.

"ಅಯ್ಯೋ, ಪೆನ್ನು ಕೈಲಿತ್ತು, ಬರೆದ್ಬಿಟ್ಟೆ. ಆಮೇಲೆ ಅಳ್ತಾ ಕೂತ್ರೆ ಮರ್ತೇಹೋಗುತ್ತೆ."

"ಗುರುವಾರ ಬೇಡ ಅಂದ್ಬಿಟ್ರೆ?"

"ಎದುರುಮನೆ ಹಾರ್ಮ್ ಥರಾನಾ? ದಿನ ಗೊತ್ತುಮಾಡಿ, ಎಲ್ಲರನ್ನೂ ಅಳಿಸಿ, ಕೊನೇಲಿ ಬೇಡ ಅಂದು, ಆಮೇಲೆ ಎರಡು ವರ್ಷ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದ. ಸುಮ್ನೆ ನಾಟಕ ಆಡ್ದ ಅಂತ ಜನ ಇವತ್ತಿಗೂ ಆಡ್ಕೋತಾರೆ. ನೀನು ಹಂಗಲ್ಲ ಬಿಡಕ್ಕಾ."

ಕಾಫಿಯ ಜೊತೆ ಯಾವತ್ತೂ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಿದ್ದ ಯಿಕ್ಕೆ ಅಂದು ಡಬ್ಬಿಯನ್ನೇ ಮುಂದಿಟ್ಟಳು. ಟ್ರೈಂಟ್ಯೆ ಎರಡು ತಿಂದು, ಗಾಡಿ ತಳ್ಳಿಕೊಂಡು ಮನೆಗೆ ಬಂದಳು.

ಗುರುವಾರ ಎರಡಕ್ಕೆ ಸರಿಯಾಗಿ ಆಲ್ಬರ್ಡಾ ಬಂದರು. ಕಾನೂನಿನಂತೆ ನಡೆಯುವ ಮನುಷ್ಯ, ಒಳ್ಳೆಯವರು. ಯಿಕ್ಕೆಯನ್ನು ಹೊರಗೆ ಕಳಿಸಿ ಮಂಚದ ಪಕ್ಕ ಕೂತರು.

"ಈಗ್ಲೂ ಬೇಡ ಅನ್ಬಹುದು ಟ್ರೈಂಟ್ಯೆ. ನಾನು ಚೀಲ ಎತ್ಕೊಂಡು ಹೋಗ್ತೀನಿ, ಅಷ್ಟೇ. ಯಾರೂ ಏನೂ ಅಂದ್ಕೊಳ್ಳಲ್ಲ."

"ಅಂದ್ಕೋತಾರೆ ಡಾಕ್ಟ್ರೇ."

ತಮಾಷೆಯೆಂದುಕೊಂಡು ಡಾಕ್ಟರು ನಕ್ಕರು. ಅವಳಿಗೆ ಬದುಕಲು ತುಂಬ ಆಸೆಯಾಗುತ್ತಿತ್ತು.

"ಹಾಗಾದ್ರೆ ಇದು ನಿಮ್ಮದೇ ಇಚ್ಛೆ ತಾನೆ?"

ಬಾಗಿಲಾಚೆ ಯಿಕ್ಕೆ ಅಳುತ್ತ ಮೂಗು ಏರಿಸಿದ್ದು ಕೇಳಿಸಿತು.

"ನಂದೇ," ಎಂದಳು ಟ್ರೈಂಟ್ಯೆ.

'ಯಾರ ಒತ್ತಾಯವೂ ಇಲ್ಲ' ಎಂಬ ಸಾಲಿನ ಮುಂದೆ ಡಾಕ್ಟರು ಗುರುತು ಹಾಕಿ, ಚೀಲದಿಂದ ಸೂಜಿ ತೆಗೆದು, "ಕೈ ಚಾಚಿ," ಅಂದರು. ಅವಳು ಚಾಚಿದಳು.