ಹೊಸ ಬಾವುಟದ ಹಳೆಯ ಹಡಗು

ಗೋಡೆಗೆ ಆನಿಸಿ ಕೂರಿಸಿದ್ದ ಸಿದ್ರಾಮಪ್ಪನ ಹೆಣದ ತಲೆ ವಾಲದಂತೆ ಸಂಜು ಹಿಡಿದುಕೊಂಡಿದ್ದ; ಹಿರಿಯರೊಬ್ಬರು ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಈ ಸೋದರಮಾವನ ಜೊತೆ ಸಂಜು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇಂದು ಕಾತ್ರಜದ ಈ ಮನೆಗೆ ಬಂದದ್ದೂ ಜನರ ಬಾಯಿಗೆ ಹೆದರಿ.

ಬಾಗಿಲಲ್ಲಿ ಬಡಕಲು ಯುವಕನೊಬ್ಬ ಬಂದು ನಿಂತ. ಕೈಯಲ್ಲಿ ಹಾರವಿರಲಿಲ್ಲ.

"ಯಾರ್ರಿ ನೀವು?" ಸಂಜು ಕೇಳಿದ.

"ಪ್ರಜ್ವಲ. ಸಂಜು ನೀವೇ ಅಲ್ವಾ? ನೀವು ಬಿಟ್ಟ ಹಡಗಿನ ಕೆಲಸಕ್ಕೆ ಹೋದೋನು."

*

ಭೋಸರಿಯ ಕಾರ್ಖಾನೆಗಳಿಂದ ಹೊರದೇಶಕ್ಕೆ ಹೋಗುವ ಸರಕಿನ ಕಾಗದಪತ್ರ ನೋಡುವುದು ಸಿದ್ರಾಮಪ್ಪನ ಕೆಲಸವಾಗಿತ್ತು. ಸಂಜುವಿಗೆ ಹಡಗಿನಲ್ಲಿ ನೌಕರಿ ಸಿಕ್ಕಾಗ ಆ ಹಡಗಿನ ವಿವರ ತೆಗೆಸಿ ನೋಡಿದ.

"ಹೆಸರು ಹೊಸಾದು, ಬಾವುಟ ಹೊಸಾದು. ಆದ್ರ ಹಡಗಿನ ನಂಬರ್ ಹುಟ್ಟಿದಾಗಿಂದ ಒಂದ ಇರ್ತದ. ಇದು ಹಿಂದ ಆಳುಗಳನ್ನ ನಡುನೀರಾಗ ಬಿಟ್ಟ ಹಡಗು. ಹೋಗಬ್ಯಾಡ."

ಸಂಜು ನಂಬಲಿಲ್ಲ. ಹೊರಡುವ ದಿನ ಪಾಸ್‌ಪೋರ್ಟ್ ಕಾಣೆಯಾಯಿತು. ಹಡಗು ಹೋದ ಮೇಲೆ ಮಾವನೇ ಅದನ್ನು ತಂದುಕೊಟ್ಟ.

"ನಿಮ್ಮ ಮಗ ಲೇಥ್ ಮಶೀನ್ ಮುಂದ ನಿಂತಾನ. ನಾ ಮುಂದ ಬರೋದು ನಿಮಗ ಸೇರಲಿಲ್ಲ," ಎಂದು ಸಂಜು ಎದ್ದು ಹೋಗಿದ್ದ.

*

"ಹತ್ತು ತಿಂಗಳು ಬಂದರಿನ ಹೊರಗೇ ನಿಂತಿದ್ವಿ," ಎಂದ ಪ್ರಜ್ವಲ. "ಓನರ್ ಫೋನ್ ಎತ್ತಲಿಲ್ಲ. ಬಾವುಟದ ದೇಶದವರು ಈ ಹಡಗು ನಮ್ಮಲ್ಲಿ ರಿಜಿಸ್ಟರೇ ಆಗಿಲ್ಲ ಅಂದ್ರು. ಮಳೆನೀರು ಹಿಡಿದು ಕುಡಿದ್ವಿ. ನಿಮ್ಮನ್ನ ನಿಮ್ಮ ಮಾವ ತಡೆದ್ರು ಅಂತ ನೌಕರಿ ಕೊಡಿಸಿದ ಏಜೆಂಟ್ ಮೊನ್ನೆ ಹೇಳಿದ. ಅವರಿಗೆ ಮೊದಲೇ ಗೊತ್ತಿತ್ತಾ?"

ಸಂಜು ವಾಲಿದ ತಲೆಯನ್ನು ಮತ್ತೆ ನೆಟ್ಟಗೆ ಹಿಡಿದ. ಮಾವ ಹೇಳಿದ್ದೆಲ್ಲ ನಿಜ. ಗೊತ್ತಿತ್ತು ಎಂದರೆ, ಇವನನ್ನು ಯಾಕೆ ಹೋಗಲು ಬಿಟ್ಟ ಎಂಬ ಪ್ರಶ್ನೆ ಬರುತ್ತದೆ.

"ಇಲ್ಲ," ಎಂದ.

"ಮತ್ತೆ ಯಾಕೆ ತಡೆದ್ರು?"

ಮೂಲೆಯಲ್ಲಿ ಕುಳಿತಿದ್ದ ಸಿದ್ರಾಮಪ್ಪನ ಹೆಂಡತಿ ಪಾರವ್ವ ತಲೆಯೆತ್ತಿದಳು.

"ಗೊತ್ತಿತ್ತಪ್ಪಾ. ಏಜೆಂಟಗ ಹೇಳಿದ್ರು, ಆಂವ ಕೇಳಲಿಲ್ಲ. ಬ್ಯಾರೆ ಹುಡುಗನ್ನ ಕಳಿಸ್ತಾರಂತ ಗೊತ್ತಾತು. ಯಾರಂತ ಗೊತ್ತಾಗಲಿಲ್ಲ ಅಂದ್ರು."

"ನನ್ನನ್ನ ಹುಡುಕಿದ್ರಾ?"

ಪಾರವ್ವ ಗಂಡನ ಮುಖ ನೋಡಿದಳು.

ಹೊರಗೆ ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾಯಿತು. ಹೆಣ ಎತ್ತಲು ನಾಲ್ವರು ಒಳಬಂದರು. ಪ್ರಜ್ವಲ ಚಪ್ಪಲಿ ಬಿಟ್ಟು ಮುಂದೆ ಬಂದ. ಸಿದ್ರಾಮಪ್ಪನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಚಕ್ಕಳಮಕ್ಕಳ ಹಾಕಿ ಕೂತ. ನಾಲ್ವರೂ ನಿಂತೇ ಇದ್ದರು. ಅವನು ಉತ್ತರಕ್ಕೆ ಕಾದವನಂತೆ ಆ ಮುಖವನ್ನೇ ನೋಡುತ್ತಿದ್ದ, ಏಳಲಿಲ್ಲ.