ರೇಷ್ಮೆಯಲ್ಲಿ ಸುತ್ತಿದ ಮೆಮೊರಿ

ರಾಳ ಕರಗುವ ವಾಸನೆ ಎಂದರೆ ಅಂಬುಬಾಯಿಗೆ ತಂದೆ ವಾಸುದೇವರಾಯರ ನೆನಪು. ಬೇಗಂಪೇಟೆಯ ಮನೆಯಲ್ಲಿ ಭಾನುವಾರ ಅವರು ನೆರೆಯವರ ರೇಡಿಯೋ ಬಿಚ್ಚಿಕೊಂಡು ಕೂತರೆ, ಬೆಸುಗೆಯ ಹೊಗೆ ದೇವರ ಮನೆಯ ತನಕ ಹೋಗುತ್ತಿತ್ತು. "ಬಜಾರಕ್ಕ ಬರೇ ಹೆಸರು ತಗೊಂಡು ಹೋಗಬ್ಯಾಡವಾ, ಹಳೇ ಸಾಮಾನು ಕೈಯಾಗ ಹಿಡಕೊಂಡು ಹೋಗು," ಎನ್ನುತ್ತಿದ್ದರು.

ಅರವತ್ತು ದಾಟಿದ ಮೇಲೆ ಆ ಮಾತು ಮರೆತದ್ದಕ್ಕೆ ಅಂಬುಬಾಯಿ ತಮ್ಮನ್ನೇ ಬೈದುಕೊಂಡರು. ಶುಕ್ರವಾರ ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗೆ ಹೋಗಿ, ಸಾಬೂನು ಕೇಳಿದ ಹಾಗೆ "ಒಂದು ಮೆಮೊರಿ ಕೊಡ್ರಿ" ಎಂದು ತಂದಿದ್ದರು. ಕುಷಾಯಿಗೂಡದ ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿ ನೋಡಿದರೆ, ಮೆಮೊರಿ ಪಟ್ಟಿಯ ಕಚ್ಚು ಒಂದು ಕಡೆ, ಅದು ಕೂರಬೇಕಾದ ಸ್ಲಾಟಿನ ಉಬ್ಬು ಇನ್ನೊಂದು ಕಡೆ. ನಡುವೆ ಅಕ್ಕಿಕಾಳಿನಷ್ಟೇ ಅಂತರ. ಒತ್ತಿ ಕೂರಿಸುವ ಧೈರ್ಯ ಮಾಡಲಿಲ್ಲ, ಪುಣ್ಯಕ್ಕೆ.

ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಹನ್ನೊಂದು ವರ್ಷದಿಂದ ಅವರೇ ಟೈಪು ಮಾಡುತ್ತಿದ್ದರು. ವಾರ್ಷಿಕ ಪರೀಕ್ಷೆಯವು ಸೋಮವಾರ ಶಾಲೆಗೆ ಮುಟ್ಟಬೇಕು. ಏಳು ಮುಗಿದಿದ್ದವು, ಐದು ಬಾಕಿ. ಆದರೆ ಕಂಪ್ಯೂಟರು ನಾಲ್ಕು ಸಾಲಿಗೊಮ್ಮೆ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಮೆಮೊರಿ ಸಾಲದು ಎಂದು ಪಕ್ಕದ ಮನೆಯ ಮಂದಾಕಿನಿ ಹೇಳಿದ್ದಳು.

"ಈ ಸಲನೂ ತಡ ಆದ್ರ ಡಿಟಿಪಿ ಅಂಗಡಿಗೆ ಕೊಡಬೇಕಾಗ್ತದ್ರಿ, ಸಿಟ್ಟಾಗಬ್ಯಾಡ್ರಿ," ಎಂದಿದ್ದರು ಹೊಸ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಿ. ಅಂಬುಬಾಯಿಗೆ ಸಿಟ್ಟು ಬಂದಿರಲಿಲ್ಲ, ಹೆದರಿಕೆಯಾಗಿತ್ತು. ಒಮ್ಮೆ ಕೈತಪ್ಪಿದ ಕೆಲಸ ಮತ್ತೆ ಯಾರು ಕೊಡುತ್ತಾರೆ?

ಶನಿವಾರ ಬೆಳಿಗ್ಗೆ ಹಳೆಯ ಪಟ್ಟಿಯನ್ನೇ ಕಳಚಿ, ಮಡಿಯ ರೇಷ್ಮೆ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಸಿಕಂದರಾಬಾದಿನ ಬಸ್ಸು ಹತ್ತಿದರು.

ಶುಕ್ರವಾರದ ಅಂಗಡಿಯವನು ಗೊಣಗದೆ ತನ್ನ ಮಾಲು ವಾಪಸು ತೆಗೆದುಕೊಂಡ. "ನಿಮ್ಮದು ಹಳೇ ಮಾದರಿ ಅಮ್ಮಾ, ನಮ್ಮಲ್ಲಿ ಬರೋದಿಲ್ಲ," ಎಂದು ತೆಲುಗಿನಲ್ಲಿ ಹೇಳಿ, ಹೊರಗೆ ಬಂದು ಮೂಲೆಯ ಅಂಗಡಿಯನ್ನು ಕೈಮಾಡಿ ತೋರಿಸಿದ.

ಮೂಲೆಯ ಅಂಗಡಿಯಲ್ಲಿ ನಡುವಯಸ್ಸಿನವರೊಬ್ಬರು ಊಟದ ಪೊಟ್ಟಣ ಬಿಚ್ಚುತ್ತಿದ್ದರು. "ಅಯ್ಯ, ಊಟದ ಹೊತ್ತು," ಎಂದು ಅಂಬುಬಾಯಿ ತಮ್ಮಷ್ಟಕ್ಕೆ ಅಂದದ್ದು ಅವರ ಕಿವಿಗೆ ಬಿತ್ತು.

"ಕನ್ನಡದವರೇನ್ರಿ? ಬರ್ರಿ ಅಕ್ಕಾರ, ಕುಂದರ್ರಿ. ನಾ ಶಿವಶರಣಪ್ಪ, ಲಿಂಗಸುಗೂರಿನಾಂವ. ಹೋಟ್ಲು ಅನ್ನ ಎಲ್ಲಿಗೂ ಓಡಿ ಹೋಗಂಗಿಲ್ಲ. ಮನ್ಯಾಕಿ ಬಾಣಂತನಕ್ಕ ಮಗಳ ಊರಿಗೆ ಹೋಗಿ ತಿಂಗಳಾತು. ರೊಟ್ಟಿ ಮುಖ ನೋಡಿಲ್ಲ."

ಅಂಬುಬಾಯಿ ಡಬ್ಬಿ ತೆರೆದರು. ಶಿವಶರಣಪ್ಪ ರೇಷ್ಮೆ ಕಂಡವರೇ ಹಣೆ ಹಿಡಿದುಕೊಂಡರು.

"ಇದನ್ನ ರೇಷ್ಮಿಯಾಗ ಸುತ್ತೀರಲ್ರಿ!"

"ಬಂಗಾರ ಇಡೋದು ಅದರಾಗ ಅಲ್ಲೇನ್ರಿ?"

"ಬಂಗಾರಕ್ಕ ನಡೀತೈತಿ. ರೇಷ್ಮಿ ತಿಕ್ಕಿದ್ರ ಕರೆಂಟು ಹುಟ್ಟತೈತಿ, ಕಣ್ಣಿಗೆ ಕಾಣಂಗಿಲ್ಲ. ಅಷ್ಟಕ್ಕೇ ಇದು ಸಾಯತೈತ್ರಿ."

ಅಂಬುಬಾಯಿ ಬಗ್ಗಿ ಪಟ್ಟಿಯನ್ನು ನೋಡಿದರು. ಇದ್ದದ್ದನ್ನೂ ಮಡಿಯ ಹೆಸರಿನಲ್ಲಿ ಕೊಂದೆನೇ?

"ಇರ್ರಿ, ಆಮ್ಯಾಲೆ ನೋಡೋಣ. ಮೊದಲ ನಿಮ್ಮ ಕಂಪ್ಯೂಟರ್ ಒಳಗಿನ ಬೋರ್ಡಿನ ಹೆಸರು ಬೇಕು. ಎಷ್ಟು ಮೆಮೊರಿ ತಡೀತೈತಿ ಅಂತ ಗೊತ್ತಾಗಬೇಕಲ್ಲ."

ಹೆಸರು ಯಾವುದೋ ಅಂಬುಬಾಯಿಗೆ ತಿಳಿಯದು. ಆದರೆ ಜೀವಮಾನವೆಲ್ಲ ಕಂಡದ್ದನ್ನು ಕಂಡಂತೆ ಟೈಪು ಮಾಡಿದವರು. ಬೋರ್ಡಿನ ಮೇಲಿದ್ದ ಅಕ್ಷರವನ್ನೆಲ್ಲ ಎರಡು ಹಾಳೆಯ ತುಂಬ ಇಳಿಸಿಕೊಂಡು ಬಂದಿದ್ದರು.

ಶಿವಶರಣಪ್ಪ ಓದುತ್ತಾ ಓದುತ್ತಾ ನಕ್ಕರು. "'ಈ ಚೀಟಿ ಹರಿದರೆ ವಾರಂಟಿ ಇಲ್ಲ' ಅನ್ನೋದನ್ನೂ ಬಿಟ್ಟಿಲ್ಲಲ್ರೀ ಅಕ್ಕಾರ!"

"ಯಾವುದು ಬೇಕು, ಯಾವುದು ಬ್ಯಾಡ, ನನಗೇನು ಗೊತ್ತು?"

"ಇಲ್ಲೈತಿ ನೋಡ್ರಿ!" ಎರಡನೆಯ ಹಾಳೆಯ ನಡುವೆ ಅವರ ಬೆರಳು ನಿಂತಿತು. "ಹೊಸ ಬಗೆಯದು ಇದರಾಗ ಕುಂದರಂಗೇ ಇಲ್ಲ. ಹಳೇ ಬಗೆಯದು, ಅದೇ ವೇಗದ್ದು ಬೇಕು. ಈಗಿನದರ ಎರಡರಷ್ಟು ದೊಡ್ಡದು ಖಾಲಿ ಸ್ಲಾಟಿಗೆ ಹಾಕಿದ್ರ ಆತು."

ಊಟದ ಪೊಟ್ಟಣ ಮುಚ್ಚಿಟ್ಟು, ಏಣಿ ಹತ್ತಿ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದರು. ಮೂರನೆಯದರಲ್ಲಿ ಒಂದೇ ಒಂದು ಪಟ್ಟಿ ಸಿಕ್ಕಿತು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಅದನ್ನೂ ಅಂಬುಬಾಯಿಯ ಪಟ್ಟಿಯನ್ನೂ ಜೋಡಿಯಾಗಿ ಕೂರಿಸಿ ಗುಂಡಿ ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಅಂಬುಬಾಯಿ ಸೆರಗು ಹಿಡಿದು ಕುಳಿತರು. ಪೀಂ ಎಂದು ಒಂದೇ ಸಲ ಕೂಗಿ, ಅಂಕಿಗಳು ಓಡತೊಡಗಿದವು.

"ಬದುಕೈತ್ರಿ! ಎರಡೂ ಸೈ. ನಿಮ್ಮ ಮಡಿ ಗಟ್ಟಿ."

ಎರಡನ್ನೂ ಹೊಳೆಯುವ ಚೀಲಗಳಲ್ಲಿ ಹಾಕಿ ಡಬ್ಬಿಯಲ್ಲಿಟ್ಟು, ರೇಷ್ಮೆಯನ್ನು ಮಡಚಿ ಬೇರೆಯಾಗಿ ಕೈಗೆ ಕೊಟ್ಟರು. ಅಂಬುಬಾಯಿ ಮೆಟ್ಟಿಲಿಳಿಯುತ್ತ ತಿರುಗಿ ನೋಡಿದಾಗ, ಅವರು ಆರಿ ತಣ್ಣಗಾದ ಅನ್ನ ಕಲಸುತ್ತಿದ್ದರು.

ಸೋಮವಾರ ಹತ್ತೂವರೆಗೆ ಹನ್ನೆರಡು ಪ್ರಶ್ನೆಪತ್ರಿಕೆಗಳೂ ಕಮಲಾಕ್ಷಿಯವರ ಮೇಜಿನ ಮೇಲಿದ್ದವು. ಅವರು ಹಾಳೆ ತಿರುವಿ ನೋಡಿ, "ಒಂದೂ ತಪ್ಪಿಲ್ಲಲ್ರಿ. ಜೂನಿನಾಗ ಕಿರುಪರೀಕ್ಷೆಯವೂ ನಿಮ್ಮ ಕಡೆನೇ ಕಳಿಸ್ತೀನಿ," ಎಂದರು.

ಶಾಲೆಯಿಂದ ಅಂಬುಬಾಯಿ ನೇರವಾಗಿ ಸಿಕಂದರಾಬಾದಿಗೆ ಹೋದರು. ಶಿವಶರಣಪ್ಪ ಯಾರದೋ ಯಂತ್ರದೊಳಗೆ ತಲೆ ತೂರಿಸಿದ್ದರು. ಅವರು ತಲೆಯೆತ್ತುವವರೆಗೆ ಕಾದು, ಅಂಬುಬಾಯಿ ಅದೇ ಸ್ಟೀಲಿನ ಡಬ್ಬಿಯನ್ನು ಮುಂದೆ ಸರಿಸಿದರು. ಒಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ. ಬಿಸಿ ಆರದಿರಲೆಂದು ರೊಟ್ಟಿಗೆ ಈ ಸಲ ಹತ್ತಿಯ ಬಟ್ಟೆ ಸುತ್ತಿದ್ದರು.