ನಂದೀಶ್ವರಯ್ಯ ಮೇಷ್ಟರ ಒಕ್ಕಣೆ

ಮಿಡಿಗೇಶಿಯ ನಂದೀಶ್ವರಯ್ಯ ಮೇಷ್ಟರು ಎಂಥ ಅವಸರದ ಮಾತನ್ನೂ ಕ್ಷೇಮ ಸಮಾಚಾರ ವಿಚಾರಿಸದೆ ಆರಂಭಿಸಿದವರಲ್ಲ. ಒಂದು ಬೇಸಗೆಯ ಮಧ್ಯಾಹ್ನ ಸಂಜೀವಯ್ಯನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದುದನ್ನು ಊರಿನಲ್ಲಿ ಮೊದಲು ಕಂಡವರು ಅವರೇ. ತಲೆಯ ಪೇಟವನ್ನು ಸರಿಮಾಡಿಕೊಂಡು ಅವನ ಬಾಗಿಲಿಗೆ ಹೋಗಿ, ಜಗಲಿಯ ಕೆಳಗೆ ನಿಂತು, "ಮನೆಯಲ್ಲಿ ಎಲ್ಲರೂ ಆರೋಗ್ಯವೇ? ದನಕರು ಸೌಖ್ಯವೇ?" ಎಂದು ಕೇಳಿ, ಅವನು ಉಪಚಾರಕ್ಕೆಂದು ನೀರು ತರಲು ಒಳಗೆ ಹೊರಟಾಗ, "ಅದಿರಲಿ, ನಿಮ್ಮ ಬಣವೆ ಉರಿಯುತ್ತಿದೆ" ಎಂದರಂತೆ. ಬಣವೆ ಬೂದಿಯಾಯಿತು. "ಅಯ್ನೋರು ಬಂದು ಕ್ಷೇಮ ಕೇಳುದ್ರೆ ಮೊದ್ಲು ಹಿತ್ಲು ನೋಡ್ಕಳ್ರಪ್ಪ" ಎಂದು ಊರವರು ವರ್ಷಗಟ್ಟಲೆ ನಕ್ಕರು. ಅದರಲ್ಲಿ ನಗುವಂಥದ್ದೇನಿದೆ ಎಂಬುದು ಮಾತ್ರ ಮೇಷ್ಟರಿಗೆ ತಿಳಿಯಲೇ ಇಲ್ಲ.

ಕೃಶವಾದ, ಎತ್ತರದ ಆಳು. ಹಣೆಯ ತುಂಬ ವಿಭೂತಿ. ಸೆಕೆಯಿರಲಿ ಚಳಿಯಿರಲಿ, ಕೊರಳವರೆಗೆ ಗುಂಡಿ ಬಿಗಿದ ಕರಿಯ ಕೋಟು. ಆ ಕೋಟಿನ ಬಲಜೇಬಿನಲ್ಲಿ ಮಕ್ಕಳ ಸ್ಲೇಟು ಒರೆಸಲು ಒದ್ದೆ ಬಟ್ಟೆಯ ಚೂರೊಂದು ಸದಾ ಇರುತ್ತಿದ್ದುದರಿಂದ ಆ ಜೇಬು ಮಾತ್ರ ಬಣ್ಣಗೆಟ್ಟು ಜೋತುಬಿದ್ದಿತ್ತು. ಓಣಿಯಲ್ಲಿ ನಡೆಯುವಾಗಲೂ ಗೋಡೆಯಿಂದ ಗೇಣುದ್ದ ದೂರ ಉಳಿಸಿಕೊಂಡೇ ನಡೆಯುವರು, ಕಾಗದದ ಅಂಚು ಬಿಟ್ಟು ಬರೆಯುವ ಹಾಗೆ. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಡುಗೆ, ಪೂಜೆ, ಪಾಠ, ಇಷ್ಟೇ ಅವರ ದಿನಚರಿ.

ಸಾವಿರದ ಒಂಬೈನೂರ ಇಪ್ಪತ್ತೇಳು ಇಪ್ಪತ್ತೆಂಟರ ಆ ಕಾಲದಲ್ಲಿ, ಮಧುಗಿರಿ ಸೀಮೆಯ ಹಳ್ಳಿಯ ಶಾಲೆಗಳಲ್ಲಿ ಮಗ್ಗಿ ಬಂದರೆ ಸಾಕು, ರುಜು ಹಾಕಿದರೆ ಸಾಕು ಎನ್ನುವವರೇ ಹೆಚ್ಚು. ನಂದೀಶ್ವರಯ್ಯನವರಿಗೆ ಅಷ್ಟು ಸಾಲದು. ಕಾಗದ ಬರೆಯುವ ಕ್ರಮ, ಅಂದರೆ ಒಕ್ಕಣೆ, ಅದು ಬಾರದವನನ್ನು ಅವರು ಅಕ್ಷರಸ್ಥನೆಂದೇ ಎಣಿಸುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನಾಲ್ಕನೆಯ ತರಗತಿಯ ಮಕ್ಕಳೆಲ್ಲ ಪರಊರಿನ ನಂಟರಿಗೆ ಸ್ಲೇಟಿನ ಮೇಲೆ ಒಂದೊಂದು ಪತ್ರ ಬರೆಯಬೇಕು, ಮೇಷ್ಟರು ತಿದ್ದಬೇಕು, ತಿದ್ದಿದ್ದರಲ್ಲಿ ಒಪ್ಪವಾದದ್ದೊಂದು ಕಾರ್ಡಿಗೆ ಇಳಿದು ಟಪಾಲಿಗೆ ಹೋಗಬೇಕು. ಹಿರಿಯರಿಗೆ ಸಾಷ್ಟಾಂಗ, ಕಿರಿಯರಿಗೆ ಆಶೀರ್ವಾದ, ಆಮೇಲೆ "ಇತ್ತ ನಾವೆಲ್ಲರೂ ಕ್ಷೇಮ", ಅದಾದ ಮೇಲಷ್ಟೇ ವಿಷಯ. ಕೇಡಿನ ಮಾತಿಗೆ ಆ ಸ್ಲೇಟಿನಲ್ಲಿ ಜಾಗವಿರಲಿಲ್ಲ.

ಅವರ ಬಳಿ ಅದಕ್ಕೆ ಕಾರಣವೂ ಇತ್ತು, ಆ ಕಾರಣ ಅಗ್ಗದ್ದೂ ಆಗಿರಲಿಲ್ಲ. ಕಾರ್ಡು ಬಾಯಿ ತೆರೆದ ಪತ್ರ. ಟಪಾಲಿನವನಿಂದ ಹಿಡಿದು ಆ ಊರಿನ ಶಾನುಭೋಗರವರೆಗೆ ನಾಲ್ಕು ಜನ ಓದಿದ ಮೇಲೇ ಅದು ಸೇರಬೇಕಾದ ಮನೆ ಸೇರುವುದು. ಬಡವರ ಮನೆಯ ಸಂಕಟ ಹಾಗೆ ಬೀದಿಯುದ್ದಕ್ಕೂ ಓದಿಸಿಕೊಂಡು ಹೋಗಬಾರದು ಎಂದು ಅವರು ನಂಬಿದ್ದರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಒಕ್ಕಣೆಯನ್ನು ಮೆಚ್ಚಿ ಪುಸ್ತಕದಲ್ಲಿ ಬರೆದು ಹೋದ ದಿನ, ನಮ್ಮ ಮೇಷ್ಟರು ರಾತ್ರಿಯ ಊಟವನ್ನೇ ಮರೆತಿದ್ದರು.

ಶಾಲೆಯಲ್ಲಿದ್ದ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ದೊಡ್ಡರಂಗಪ್ಪನ ಕಿರಿಮಗಳು ಓಬಳಮ್ಮ. ಹಿರಿಮಗಳು ಹನುಮಕ್ಕನನ್ನು ಸಿರಾ ಕಡೆಯ ಮದಲೂರಿಗೆ ಕೊಟ್ಟಿತ್ತು. ಆ ವರ್ಷ ಶ್ರಾವಣದ ಮೊದಲ ಶನಿವಾರ ಓಬಳಮ್ಮ, ಯಾರೂ ಹೇಳಿಕೊಡದೆ, ಸ್ಲೇಟಿನಲ್ಲಿ ಹೀಗೆ ಬರೆದಳು: "ಅಕ್ಕ, ಅವ್ವಂಗೆ ಜರ ಬುಡ್ತಿಲ್ಲ. ಗಂಜಿ ಗಂಟ್ಲಲ್ಲಿ ಇಳೀತಿಲ್ಲ. ನಿನ್ನ ಹೆಸ್ರೇ ಕರೀತಾಳೆ. ಕಾಗ್ದ ಕಂಡಂಗೆ ಬಾ."

ಮೇಷ್ಟರು ಎರಡು ಸಲ ಓದಿದರು. ಹುಡುಗಿಯ ತಲೆ ಸವರಿದರು. ಮರುಕ ಬಂದಿತ್ತು, ನಿಜಕ್ಕೂ ಬಂದಿತ್ತು. ಅಷ್ಟು ದೂರದಲ್ಲಿ, ಅತ್ತೆಯ ಮನೆಯಲ್ಲಿ, ನಾಲ್ಕು ಜನರ ಎದುರು ಈ ಮಾತು ಕೇಳಿದರೆ ಆ ಹೆಣ್ಣುಮಗಳ ಗತಿಯೇನು ಎಂದುಕೊಂಡರು. "ಹೀಗೆ ಬರೆಯಬಾರದಮ್ಮ, ಓದುವವರ ಎದೆ ಒಡೆದುಹೋಗುತ್ತದೆ" ಎಂದು ಜೇಬಿನಿಂದ ಬಟ್ಟೆ ತೆಗೆದು ಒರೆಸಿ, ತಾವೇ ಹೇಳಿ ಬರೆಸಿದರು. "ಸೌಭಾಗ್ಯವತಿ ಅಕ್ಕನವರಿಗೆ ಓಬಳಮ್ಮ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಸುತ್ತಿರಬೇಕು. ತರುವಾಯ, ತಾಯಿಯವರಿಗೆ ಕೊಂಚ ದೇಹಾಲಸ್ಯವಿರುತ್ತದೆ. ಸಮಯ ಒದಗಿದಾಗ ಬಂದು ನೋಡಿಕೊಂಡು ಹೋಗತಕ್ಕದ್ದು." ಅಂದಿನ ಕಾರ್ಡಿಗೆ ಇಳಿದದ್ದು ಅದೇ.

ದೊಡ್ಡರಂಗಪ್ಪ ಒಬ್ಬ ಆಳನ್ನು ಓಡಿಸಿದ್ದರೆ ಒಂದು ಹಗಲಿನ ದಾರಿ. ಆದರೆ ಮೇಷ್ಟರೇ ಮುಂದೆ ನಿಂತು ಬರೆಸಿದ ಕಾರ್ಡು ಹೋಗಿದೆ, ಮಗಳು ಇಂದಲ್ಲ ನಾಳೆ ಬರುತ್ತಾಳೆ ಎಂದು ಅವನು ಧೈರ್ಯವಾಗಿದ್ದ. ಅತ್ತ ಮದಲೂರಿನಲ್ಲಿ ಶಾನುಭೋಗರು ಕಾರ್ಡು ಓದಿ ಹೇಳಿದರು. ಕೆರೆಯ ಕೆಳಗಿನ ಗದ್ದೆಯಲ್ಲಿ ನಾಟಿ ನಡೆದಿತ್ತು. "ಕ್ಷೇಮ ಅಂತ ಬರೆದವ್ರಲ್ಲ ಕಣಮ್ಮ, ನಾಟಿ ಮುಗುದ್ಮೇಲೆ ಹೋಗೀವಂತೆ ಬುಡು" ಎಂದಳು ಅತ್ತೆ. ಅವಳ ತಪ್ಪೂ ಇರಲಿಲ್ಲ. ಐದನೆಯ ದಿನ ಕೆಟ್ಟ ಸುದ್ದಿ ಹೊತ್ತ ಆಳು ಹೋದ. ಹನುಮಕ್ಕ ಗದ್ದೆಯಿಂದ ಎದ್ದ ಕಾಲಲ್ಲೇ ಹೊರಟು ಬಂದು ಸೇರುವ ವೇಳೆಗೆ ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದ್ದರು.

ತಿಥಿ ಮುಗಿದ ಮರುದಿನ ಅವಳು ಶಾಲೆಯ ಬಾಗಿಲಿಗೆ ಬಂದಳು. ಮೇಷ್ಟರು ಎದ್ದು, ಎಂದಿನಂತೆ ಕ್ಷೇಮ ಕೇಳಲು ಬಾಯಿ ತೆರೆದವರು, ಹಾಗೆಯೇ ಮುಚ್ಚಿಕೊಂಡರು. ಅವಳು ಸೆರಗಿನ ಗಂಟು ಬಿಚ್ಚಿ ಕಾರ್ಡನ್ನು ಮುಂದೆ ಹಿಡಿದಳು.

"ಇದ್ನ ನೀವೊಂದ್ಸಲ ಓದ್ರಿ ಅಯ್ನೋರೇ. ನಮ್ಮೂರ ಶಾನುಭೋಗ್ರು ತಪ್ಪು ಓದವ್ರೇನೋ ಅಂತ ನಂಗೆ."

ಮೇಷ್ಟರು ಓದಿದರು. ಶಾನುಭೋಗರು ಒಂದಕ್ಷರವನ್ನೂ ತಪ್ಪಿರಲಿಲ್ಲ. ಹನುಮಕ್ಕ ಒಳಗೆ ಕುಳಿತಿದ್ದ ತಂಗಿಯ ಕಡೆ ತಿರುಗಿದಳು.

"ಲೇ, ಅವ್ವ ಆ ಗತೀಲಿ ಮಲಗಿದ್ರೆ ಕ್ಷೇಮ ಅಂತ ಬರೆದ್ಯಲ್ಲೇ. ಕೈಯಾದ್ರೂ ಹೆಂಗೆ ಬಂತು ನಿಂಗೆ?"

ಓಬಳಮ್ಮ ಎದ್ದು ನಿಂತಳು. ಮೇಷ್ಟರ ಹೆಸರು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ಮೇಷ್ಟರೂ ಸುಮ್ಮನಿದ್ದಿದ್ದರೆ ಅವಳು ಮೊದಲು ಬರೆದದ್ದೇನೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಒರೆಸಿದ ಸ್ಲೇಟಿಗೆ ಸಾಕ್ಷಿಯೆಲ್ಲಿ? ಅಕ್ಕತಂಗಿಯರ ನಡುವೆ ಆ ಕಾರ್ಡು ಸಾಯುವವರೆಗೂ ಉಳಿದುಬಿಡುತ್ತಿತ್ತು, ಅಷ್ಟೆ. ಅವರು ಕಾರ್ಡನ್ನು ಮೇಜಿನ ಮೇಲಿಟ್ಟು, "ನಿನ್ನ ತಂಗಿ ಬರೆದದ್ದು ಇದಲ್ಲಮ್ಮ, ಅವಳು ಬರೆದದ್ದನ್ನು ಅಳಿಸಿದವನು ನಾನು" ಎಂದರು. ಆಮೇಲೆ ತರಗತಿಯೆಲ್ಲ ಕೇಳುತ್ತಿದ್ದಂತೆ ಆ ನಾಲ್ಕು ಸಾಲನ್ನೂ, ಮಗು ಬರೆದಂತೆಯೇ, ಜರವನ್ನು ಜ್ವರವೆಂದು ಕೂಡ ತಿದ್ದದೆ ಒಪ್ಪಿಸಿದರು.

ಅವಳು ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಹನುಮಕ್ಕ ಬೈಯಲಿಲ್ಲ. ಬಾಗಿಲಿನ ಕಂಬಕ್ಕೆ ಒರಗಿಕೊಂಡು, "ಅಂಗಾರೆ ನನ್ನ ಕರದ್ಳು ಅನ್ನಿ. ಎಷ್ಟು ದಿನ ಕರದ್ಳು?" ಎಂದು ಕೇಳಿದಳು. ಓಬಳಮ್ಮ ನೆಲ ನೋಡುತ್ತ ಹೇಳಿದಳು:

"ನಾಕು ದಿನ ಕಣಕ್ಕ. ಆಮೇಲೆ ಮಾತು ನಿಂತೋಯ್ತು."

ಮುಂದಿನ ಶನಿವಾರ ಮೇಷ್ಟರು ತರಗತಿಗೆ ಒಕ್ಕಣೆ ಹೇಳಲಿಲ್ಲ. "ಈವತ್ತು ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನೇ ಬರೆಯಿರಪ್ಪ, ನಿಮ್ಮ ಮಾತಿನಲ್ಲೇ ಬರೆಯಿರಿ, ನಾನು ತಿದ್ದುವುದಿಲ್ಲ" ಎಂದರು. ಬಳಪಗಳು ಸದ್ದು ಮಾಡಿದವು. ಒಂದೊಂದೇ ಸ್ಲೇಟು ಮೇಜಿಗೆ ಬಂತು. ಅಪ್ಪ ಹಾಸಿಗೆ ಹಿಡಿದವನ ಸ್ಲೇಟಿನಲ್ಲಿ, ಎತ್ತು ಸತ್ತವನ ಸ್ಲೇಟಿನಲ್ಲಿ, ಎಲ್ಲದರಲ್ಲೂ ದುಂಡಗಿನ ಅಕ್ಷರಗಳಲ್ಲಿ, ಅಂಚು ಬಿಟ್ಟು, "ಇತ್ತ ನಾವೆಲ್ಲರೂ ಕ್ಷೇಮ" ಎಂದಿತ್ತು. ಓಬಳಮ್ಮನ ಸ್ಲೇಟು ಖಾಲಿ. ಮೇಷ್ಟರು ಅವಳ ಪಕ್ಕ ನೆಲದ ಮೇಲೆ ಕುಳಿತು, "ನಿನಗೆ ತೋಚಿದ್ದು ಬರೆಯಮ್ಮ, ನಿನಗೆ ಬರುತ್ತದೆ, ನಾನು ಕಂಡಿದ್ದೇನೆ" ಎಂದು ಬೇಡುವವರಂತೆ ಕೇಳಿದರು. ಆ ಹುಡುಗಿಗೆ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ.

"ನೀವೇ ಹೇಳಿ ಅಯ್ನೋರೇ, ಬರ್ಕಂತೀನಿ."

ಇಂಥ ಮೇಷ್ಟರು ಆಗ ಹೋಬಳಿಗೊಬ್ಬರಾದರೂ ಇದ್ದರು. ದುಷ್ಟರಲ್ಲ, ಸೋಮಾರಿಗಳಲ್ಲ, ಅರಿವೆಗೆ ಗತಿಯಿಲ್ಲದ ಮಕ್ಕಳು ಪರಊರಿನವರ ಎದುರು ಹೀನಾಯವಾಗಿ ಕಾಣಬಾರದೆಂದು, ಮರ್ಯಾದೆಯ ನಾಲ್ಕು ಸಾಲನ್ನು ಅವರ ಕೈಗೆ ಕೂಡಿಸಲು ಜೀವ ತೇದವರು. ಅವರು ಕೆಟ್ಟ ಉಪಾಧ್ಯಾಯರಾಗಿದ್ದರೆ ಊರಿಗೆ ಅಷ್ಟು ಕೇಡಾಗುತ್ತಿರಲಿಲ್ಲ, ಮಕ್ಕಳು ವರ್ಷದೊಳಗೆ ಎಲ್ಲವನ್ನೂ ಮರೆತು ತಮ್ಮ ಪಾಡಿಗೆ ತಾವು ಬರೆದುಕೊಳ್ಳುತ್ತಿದ್ದರು. ಅವರು ಒಳ್ಳೆಯ ಉಪಾಧ್ಯಾಯರು. ಮರೆತುಬಿಡಿ ಎಂದು ಅವರೇ ಕೇಳಿಕೊಂಡರೂ ಮಕ್ಕಳಿಗೆ ಮರೆಯಲಾಗಲಿಲ್ಲ.